ಸಾರ್ವಜನಿಕ ಸ್ಮಶಾನಕ್ಕೊಂದು ಅರ್ಜಿ: ಬಳ್ಳಾರಿಯಿಂದ ಕೊಪ್ಪಳದವರೆಗೆ ಕ್ರೈಸ್ತ ಐಕ್ಯತಾ ವಾರ

ಶನಿವಾರ, ಜನವರಿ 18, 2025: ಬಳ್ಳಾರಿ

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಜಗತ್ತಿನ ಬೇರೆ ಬೇರೆ ಕ್ರೈಸ್ತ ಸಭೆಗಳು ಐಕ್ಯತೆಗಾಗಿ ಪ್ರಾರ್ಥಿಸುತ್ತವೆ. ನಮ್ಮ ಕಡೆ ಇದು ಹೆಚ್ಚಾಗಿ ಒಂದು ಸಂಜೆಯ ಕಾರ್ಯಕ್ರಮ. ಕ್ಯಾಥೋಲಿಕ್ ಫಾದರ್ ಒಬ್ಬರು ಪ್ರೊಟೆಸ್ಟೆಂಟ್ ಚರ್ಚಿಗೆ ಬಂದು ವಾಕ್ಯ ಓದುತ್ತಾರೆ, ಸಭಾಪಾಲಕರೊಬ್ಬರು ಕ್ಯಾಥೋಲಿಕ್ ಚರ್ಚಿನಲ್ಲಿ ಪ್ರಸಂಗ ಮಾಡುತ್ತಾರೆ, ಚಹಾ ಆಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಬಳ್ಳಾರಿಯಲ್ಲಿ ವಕೀಲಿ ಮಾಡುವ ಒಬ್ಬ ಸಿಸ್ಟರ್ ಈ ಸಲ ವಾರವನ್ನು ರಸ್ತೆಯ ಮೇಲೆ ಕಳೆಯೋಣ ಎಂದು ಕರೆದರು. ಮೂರು ಜಿಲ್ಲೆಗಳ ಸಭೆಗಳಿಗೆ ಹೋಗಬೇಕು, ಪ್ರತಿ ಊರಲ್ಲೂ ಒಂದು ವಿಷಯ ವಿಚಾರಿಸಬೇಕು: ಇಲ್ಲಿಯ ಕ್ರೈಸ್ತರು ತಮ್ಮ ಸತ್ತವರನ್ನು ಎಲ್ಲಿ ಮಣ್ಣು ಮಾಡುತ್ತಾರೆ?

ನಾನು ದಕ್ಷಿಣ ಭಾರತ ಸಭೆ (ಸಿಎಸ್‌ಐ) ಎಂಬ ಪ್ರೊಟೆಸ್ಟೆಂಟ್ ಪಂಗಡದವನು. ಧಾರವಾಡದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನನ್ನ ಜೊತೆ ಸಿಸ್ಟರ್, ರಾಯಚೂರು ಕಡೆಯ ಮೆಥಡಿಸ್ಟ್ ಸಭಾಪಾಲಕರು, ಸಿಂಧನೂರಿನಲ್ಲಿ ಸ್ವತಂತ್ರ ಪ್ರಾರ್ಥನಾ ಮಂದಿರ ನಡೆಸುವ ಪೆಂಟೆಕೋಸ್ಟ್ ಪಾಸ್ಟರ್ ಇದ್ದರು. ದಲಿತ ಸಂಘರ್ಷ ಸಮಿತಿಯಲ್ಲಿ (ದಸಂಸ) ದುಡಿದು ಬಂದ ಒಬ್ಬ ಗೆಳೆಯರು ನಮ್ಮ ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತರು. ಅವರು ಕ್ರೈಸ್ತರಲ್ಲ. ಸಿಸ್ಟರ್ ಅವರನ್ನು ಒತ್ತಾಯ ಮಾಡಿ ಕರೆದಿದ್ದರು. ಅದು ಎಷ್ಟು ಸರಿಯಾದ ಕೆಲಸ ಎಂಬುದು ಬುಧವಾರ ತಾಲ್ಲೂಕು ಕಚೇರಿಯಲ್ಲಿ ಗೊತ್ತಾಯಿತು.

ಹೊರಡಲು ಬಳ್ಳಾರಿಗಿಂತ ಒಳ್ಳೆಯ ಊರಿಲ್ಲ. 1795ರಲ್ಲಿ ಹುಟ್ಟಿದ ಲಂಡನ್ ಮಿಷನ್ ಸಂಸ್ಥೆ ಮರುವರ್ಷವೇ ಒಂದು ಮಾತು ಬರೆದುಕೊಂಡಿತ್ತು: ನಾವು ಇಂಥದೇ ಪಂಗಡದ ಸಭೆಯನ್ನು ಪರದೇಶಕ್ಕೆ ಒಯ್ಯುವುದಿಲ್ಲ, ಸುವಾರ್ತೆಯನ್ನಷ್ಟೇ ಒಯ್ಯುತ್ತೇವೆ, ಸಭೆ ಹೇಗಿರಬೇಕೆಂದು ಅಲ್ಲಿನ ಜನ ತೀರ್ಮಾನಿಸಲಿ. ಆ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡದ ಇಡೀ ಬೈಬಲ್ 1831ರಲ್ಲಿ ಈ ಊರಿನಿಂದ ಹೊರಬಂತು. ಇಂದು ನಾವು ಯಾವ ಗೇಟಿನೊಳಗೆ ಆರಾಧನೆ ಮಾಡಿದರೂ ನಮ್ಮ ಕಿವಿಗೆ ಬೀಳುವ ಕನ್ನಡದ ಬೇರು ಈ ಬಿಸಿಲಿನ ಊರಲ್ಲಿದೆ.

ಸಂಜೆ ಕೌಲ್ ಬಜಾರ್ ಕಡೆಯ ಕ್ಯಾಥೋಲಿಕ್ ಮನೆಯೊಂದರಲ್ಲಿ ಮೊದಲ ಪ್ರಾರ್ಥನೆ ನಡೆಯಿತು. ಕ್ರೈಸ್ತ ವಿಶ್ವಾಸ ಪ್ರಮಾಣವನ್ನು ರೂಪಿಸಿದ, 325ರಲ್ಲಿ ನಡೆದ ನಿಕಾಯ ಮಹಾಸಭೆಗೆ ಈ ವರ್ಷ 1700 ವರ್ಷ. ಅದಕ್ಕಾಗಿ ವಾರದ ವಾಕ್ಯವನ್ನು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಿಂದ ಆರಿಸಿದ್ದರು. ಸಹೋದರ ಲಾಜರನನ್ನು ಹೂಳಿ ಅಳುತ್ತಿದ್ದ ಮಾರ್ಥಳಿಗೆ ಯೇಸು ನಾನೇ ಪುನರುತ್ಥಾನವೂ ಜೀವವೂ ಎಂದು ಹೇಳಿ, "ಇದನ್ನು ನಂಬುತ್ತೀಯಾ?" ಎಂದು ಕೇಳುವ ಭಾಗ. ಮನೆಯೊಡತಿ ಅಧ್ಯಾಯವನ್ನು ನಿಲ್ಲಿಸದೆ ಪೂರ್ತಿ ಓದಿದರು. ಸಮಾಧಿಯ ಕಲ್ಲು ಸರಿಸಿರಿ ಎಂದಾಗ, ನಾಲ್ಕು ದಿನವಾಯಿತು, ಈಗ ನಾತ ಹುಟ್ಟಿದೆ ಎನ್ನುತ್ತಾಳೆ ಮಾರ್ಥ. "ನಂಬಿಕೆಯ ಪ್ರಶ್ನೆ ಹುಟ್ಟಿದ್ದು ಸ್ಮಶಾನದಲ್ಲಿ. ನಾವು ಅಲ್ಲಿಂದಲೇ ಶುರು ಮಾಡೋಣ" ಎಂದರು ಸಿಸ್ಟರ್.

ಭಾನುವಾರ, ಜನವರಿ 19: ಬಳ್ಳಾರಿ

ಬೆಳಿಗ್ಗೆ ನಮ್ಮ ನಮ್ಮ ಆರಾಧನೆಗೆ ಬೇರೆ ಬೇರೆ ಹೋಗಬೇಕಾಯಿತು. ಸಿಸ್ಟರ್ ಬಲಿಪೂಜೆಗೆ, ನಾನು ದಕ್ಷಿಣ ಭಾರತ ಸಭೆಗೆ, ಪಾಸ್ಟರ್ ಪರಿಚಯದವರ ಪ್ರಾರ್ಥನಾ ಮಂದಿರಕ್ಕೆ. ವಾರವಿಡೀ ಒಂದೇ ತಟ್ಟೆಯಲ್ಲಿ ಉಣ್ಣುವವರು ಕರ್ತನ ಮೇಜಿನ ಬಳಿ, ಅಂದರೆ ಯೇಸುವಿನ ನೆನಪಿನ ರೊಟ್ಟಿ ಹಂಚಿಕೊಳ್ಳುವಲ್ಲಿ, ಬೇರೆಯಾಗಬೇಕು. ಈ ನೋವನ್ನು ಸಣ್ಣದೆಂದು ನಾನು ಎಂದೂ ತಿಳಿದಿಲ್ಲ.

ಈ ನೋವಿಗೆ ಮದ್ದು ಹುಡುಕಿದವರಲ್ಲಿ ನಮ್ಮ ದಕ್ಷಿಣದವರು ಮುಂದಿದ್ದರು. 1919ರಲ್ಲಿ ತರಂಗಂಬಾಡಿಯಲ್ಲಿ ಕೆಲವು ಸಭಾಪಾಲಕರು ಸೇರಿ, ನಮಗೆ ಸಂಬಂಧವಿಲ್ಲದ ಯುರೋಪಿನ ಜಗಳಗಳಿಂದ ನಾವು ಒಡೆದುಹೋಗಿದ್ದೇವೆ, ಒಂದಾಗೋಣ ಎಂದು ಕರೆ ಕೊಟ್ಟರು. ದೋರ್ನಕಲ್ಲಿನ ಬಿಷಪ್ ವಿ. ಎಸ್. ಅಜರಯ್ಯ ಅವರಲ್ಲಿ ಮುಖ್ಯರು. ಮಾತುಕತೆಗೆ ಇಪ್ಪತ್ತೆಂಟು ವರ್ಷ ಹಿಡಿಯಿತು. 1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಆರು ವಾರಕ್ಕೆ, ಮದರಾಸಿನಲ್ಲಿ ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದವರು ಸೇರಿ ದಕ್ಷಿಣ ಭಾರತ ಸಭೆಯಾದರು. ಅದೇ ವರ್ಷ ದೇಶ ಎರಡು ಹೋಳಾಗಿ ರಕ್ತ ಹರಿಯುತ್ತಿತ್ತು. ಆ ಹೊತ್ತಿನಲ್ಲಿ ಬಿಷಪ್ಪರ ಅಧಿಕಾರ ಒಪ್ಪುವವರೂ ಒಪ್ಪದವರೂ ಒಂದೇ ಸಭೆಯಾಗಿದ್ದನ್ನು ನಾವು ಮಕ್ಕಳಿಗೆ ಸಾಕಷ್ಟು ಹೇಳಿಲ್ಲ.

ರಾಯಚೂರು ಭಾಗದ ಮೆಥಡಿಸ್ಟರು ಆ ಒಕ್ಕೂಟಕ್ಕೆ ಬರಲಿಲ್ಲ. ಅವರದು ಅಮೆರಿಕದ ಮಿಷನ್ನಿನ ಮೂಲ. 1981ರಲ್ಲಿ ಅವರ ಸಭೆ ಭಾರತದ ಮೆಥಡಿಸ್ಟ್ ಚರ್ಚ್ ಎಂದು ಸ್ವಾಯತ್ತವಾಯಿತು. ಇದನ್ನು ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಭಾಪಾಲಕರೇ ಹೇಳಿದರು. "ಮೇಲಿನವರು ಒಂದಾದರೂ ಆಗದಿದ್ದರೂ ನಮ್ಮ ಹಳ್ಳಿಯ ಸಭೆಗಳು ಮೊದಲಿನಿಂದ ಒಂದೇ ಕೇರಿಯಲ್ಲಿವೆ, ಸರ್. ಬೋರ್ಡು ಮಾತ್ರ ಬೇರೆ" ಎಂದರು. ಕೇರಿ ಎಂದರೆ ಮಾದಿಗರ ಕೇರಿ. ಈ ಮೂರು ಜಿಲ್ಲೆಗಳಲ್ಲಿ ಯಾವ ಪಂಗಡದ ಸಭೆಗೆ ಹೋದರೂ ಹೆಚ್ಚಿನವರು ಅಲ್ಲಿಂದ ಬಂದವರು. ಐಕ್ಯತೆಯ ಮಾತು ನ್ಯಾಯದ ಮಾತಾಗದೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ ಎಂದು ನಾನು ನಂಬಿರುವುದು ಇದರಿಂದ.

ಸೋಮವಾರ, ಜನವರಿ 20: ಸಿರುಗುಪ್ಪ, ಸಿಂಧನೂರು

ಸಿರುಗುಪ್ಪದವರೆಗೆ ರಸ್ತೆಯ ಎರಡೂ ಕಡೆ ಮೆಣಸಿನಕಾಯಿ ಹೊಲಗಳು. ಹೆಂಗಸರು ಸಾಲು ಹಿಡಿದು ಕಾಯಿ ಬಿಡಿಸುತ್ತಿದ್ದರು. ತುಂಗಭದ್ರೆಯ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ, ಎಡದಂಡೆ ಕಾಲುವೆಯ ಸೀಮೆ. ಹಿಂದಿನ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಈ ಸೀಮೆಯೆಲ್ಲ ಎದೆಯ ಮೇಲೆ ಕೈ ಇಟ್ಟುಕೊಂಡಿತ್ತು. ಗೇಟು ಕೂಡಿಸಿದರು, ಮಳೆ ಕೈಹಿಡಿಯಿತು, ಈಗ ಗದ್ದೆಗಳಲ್ಲಿ ನೀರು ಕಾಣುತ್ತಿತ್ತು.

ಸಿಂಧನೂರಿನಲ್ಲಿ ಪಾಸ್ಟರ್ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಾಗ ಸಿಸ್ಟರ್ ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಗಟ್ಟಿಯಾಗಿ ಓದಿದರು. ಛತ್ತೀಸಗಢದ ಬಸ್ತರಿನಲ್ಲಿ ಕ್ರೈಸ್ತ ಪಾದ್ರಿಯೊಬ್ಬರು ಜನವರಿ 7ರಂದು ತೀರಿಕೊಂಡಿದ್ದರು. ದಲಿತ ಕುಟುಂಬದವರು. ಊರಿನ ಸ್ಮಶಾನದಲ್ಲೂ ಬೇಡ, ಅವರ ಸ್ವಂತ ಹೊಲದಲ್ಲೂ ಬೇಡ ಎಂದು ಊರವರು ತಡೆದಿದ್ದರಿಂದ ದೇಹ ಶವಾಗಾರದಲ್ಲೇ ಉಳಿದಿತ್ತು. ಹೈಕೋರ್ಟಿನಲ್ಲೂ ಪರಿಹಾರ ಸಿಗದೆ ಮಗ ಸುಪ್ರೀಂ ಕೋರ್ಟಿಗೆ ಬಂದಿದ್ದರು. ಅಪ್ಪನನ್ನು ಹೂಳಲು ಒಬ್ಬ ಮನುಷ್ಯ ಇಲ್ಲಿಯವರೆಗೆ ಬರಬೇಕಾಯಿತೇ ಎಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರ ಪೀಠ ಅಂದು ನೋವು ವ್ಯಕ್ತಪಡಿಸಿತ್ತು.

ಪಾಸ್ಟರ್ ಅವರ ಹೆಂಡತಿ ಬಡಿಸುವುದನ್ನು ನಿಲ್ಲಿಸಿ, "ಸಿಸ್ಟರ್, ಬಸ್ತರಿನ ತನಕ ಯಾಕೆ ಹೋಗಬೇಕು? ನಾಳೆ ನೀವು ಹೋಗುವ ಊರಿನಲ್ಲೇ ಆಗಿದೆಯಲ್ಲ" ಎಂದರು.

ಮಂಗಳವಾರ, ಜನವರಿ 21: ರಾಯಚೂರು ಜಿಲ್ಲೆಯ ಒಂದು ಹಳ್ಳಿ

ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿಯ ಅರ್ಜಿ ಇನ್ನೂ ಕಚೇರಿಯಲ್ಲಿದೆ, ಅಲ್ಲಿಯ ಜನ ದಿನವೂ ಅದೇ ಊರಲ್ಲಿ ಬದುಕಬೇಕು.

ಕೇರಿಯಲ್ಲಿ ಮೂರು ಆರಾಧನಾ ಸ್ಥಳಗಳಿವೆ. ಮೆಥಡಿಸ್ಟರದು ಸಣ್ಣ ಕಲ್ಲಿನ ಗುಡಿ, ಕ್ಯಾಥೋಲಿಕ್ ಫಾದರ್ ತಿಂಗಳಿಗೆ ಎರಡು ಸಲ ಬಂದು ಪೂಜೆ ಅರ್ಪಿಸುವ ತಗಡಿನ ಕೋಣೆ, ಪೆಂಟೆಕೋಸ್ಟ್ ಪ್ರಾರ್ಥನೆ ನಡೆಯುವ ಒಂದು ಮನೆಯ ಪಡಸಾಲೆ. ಅದೇ ಕೇರಿಯಲ್ಲಿ ಮಾರೆಮ್ಮನ ಕಟ್ಟೆಯೂ ಇದೆ. ಅಣ್ಣ ಮಾರೆಮ್ಮನಿಗೆ ನಡೆದುಕೊಂಡರೆ ತಮ್ಮ ಪ್ರಾರ್ಥನೆಗೆ ಹೋಗುತ್ತಾನೆ. ಹಬ್ಬಗಳಲ್ಲಿ ಒಬ್ಬರ ಮನೆಯ ಹೋಳಿಗೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಮದುವೆಯಲ್ಲೂ ಹೆಚ್ಚು ತಕರಾರಿಲ್ಲ. ತಕರಾರು ಬರುವುದು ಸಾವಿನಲ್ಲಿ.

ನಮಗೆ ಮಾತಾಡಲು ಸಿಕ್ಕ ಹೆಣ್ಣುಮಗಳು ಮೆಣಸಿನಕಾಯಿ ಬಿಡಿಸುವ ಕೂಲಿಯನ್ನು ಅಂದು ಬಿಟ್ಟು ಕುಳಿತಿದ್ದರು. ಅವರ ತಾಯಿಯನ್ನು ಚಿಕ್ಕವಯಸ್ಸಿನಲ್ಲಿ ದೇವರಿಗೆ ಬಿಟ್ಟಿದ್ದರು. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಆಮೇಲೆ ಸರ್ಕಾರ ಎರಡು ಸಲ ನಡೆಸಿದ ಸಮೀಕ್ಷೆಗಳಲ್ಲಿ 46,660 ಮಹಿಳೆಯರನ್ನು ಗುರುತಿಸಲಾಯಿತು. ಬಳ್ಳಾರಿ, ಕೊಪ್ಪಳ, ರಾಯಚೂರು ಆ ಪಟ್ಟಿಯ ದೊಡ್ಡ ಜಿಲ್ಲೆಗಳು. ಆ ತಾಯಿ ಪಟ್ಟಿಯಲ್ಲಿದ್ದರು, ಮಾಸಾಶನ ಪಡೆಯುತ್ತಿದ್ದರು, ಕೊನೆಯ ವರ್ಷಗಳಲ್ಲಿ ಪ್ರಾರ್ಥನಾ ಮನೆಗೆ ಹೋಗಲು ಶುರು ಮಾಡಿದ್ದರು.

"ಅಲ್ಲಿ ನನ್ನ ಅವ್ವನನ್ನು ಎಲ್ಲರೂ ಅಮ್ಮ ಎಂದು ಕರೆಯುತ್ತಿದ್ದರು. ಗಂಡ ಯಾರು ಎಂದು ಯಾರೂ ಕೇಳಲಿಲ್ಲ. ಅದಕ್ಕೆ ಹೋದಳು" ಎಂದರು ಮಗಳು.

ಹಿಂದಿನ ಮಳೆಗಾಲದಲ್ಲಿ ತಾಯಿ ತೀರಿಕೊಂಡರು. ಕೇರಿಯವರು ಹೂಳುವ ಜಾಗ ಹಳ್ಳದ ದಂಡೆಯಲ್ಲಿದೆ. ಅದರ ಬಹುಭಾಗ ಪಕ್ಕದ ಗದ್ದೆಯವರ ಒತ್ತುವರಿಯಾಗಿ, ಉಳಿದದ್ದು ಮೊಣಕಾಲುದ್ದ ನೀರಿನಲ್ಲಿತ್ತು. ಇರುವ ಸ್ವಲ್ಪ ಗಟ್ಟಿ ನೆಲದಲ್ಲಿ ಜಾಗ ಕೇಳಿದಾಗ ಕೇರಿಯ ಕೆಲವು ಹಿರಿಯರೇ, ನಮ್ಮ ದೇವರನ್ನು ಬಿಟ್ಟವರಿಗೆ ನಮ್ಮ ಮಣ್ಣು ಯಾಕೆ ಎಂದರು. ಆಗ ತಾಲ್ಲೂಕು ಕೇಂದ್ರದ ಒಂದು ದೊಡ್ಡ ಸಭೆಯ ಸ್ಮಶಾನಕ್ಕೆ ಫೋನು ಹೋಯಿತು. ಸದಸ್ಯತ್ವದ ಪುಸ್ತಕದಲ್ಲಿ ಹೆಸರಿದೆಯೇ, ಚಂದಾ ಕಟ್ಟಿದ್ದಾರೆಯೇ, ನಮ್ಮ ದೀಕ್ಷಾಸ್ನಾನ ಆಗಿದೆಯೇ ಎಂದು ಕೇಳಿದರು. ಯಾವುದೂ ಇರಲಿಲ್ಲ. ಕತ್ತಲಾದ ಮೇಲೆ ಟ್ರ್ಯಾಕ್ಟರಿನಲ್ಲಿ ದೇಹವನ್ನು ಬೇರೆ ಊರಿಗೆ ಒಯ್ದು ತಾಯಿಯ ತಮ್ಮನ ಹೊಲದ ಬದುವಿನಲ್ಲಿ ಹೂಳಿದರು.

ಇದನ್ನು ಕೇಳುತ್ತಾ ನನಗೆ ಸಿಟ್ಟು ಬಂದದ್ದು ಕೇರಿಯ ಹಿರಿಯರ ಮೇಲಲ್ಲ. ಅವರ ಪಾಲಿನ ನೆಲವೇ ಬೇರೆಯವರ ಗದ್ದೆಯಾಗಿದೆ, ಉಳಿದ ತುಂಡನ್ನು ಅವರು ಬಿಗಿಹಿಡಿದಿದ್ದಾರೆ. ಸಿಟ್ಟು ಬಂದದ್ದು ಪುಸ್ತಕ ತೆರೆದು ಹೆಸರು ಹುಡುಕಿದ ನಮ್ಮ ಸಭೆಗಳ ಮೇಲೆ. ಮಿಷನ್ನಿನ ಕಾಲದಲ್ಲಿ ಸಿಕ್ಕ ಎಕರೆಗಟ್ಟಲೆ ನೆಲ ನಮ್ಮ ಪಟ್ಟಣದ ಕಾಂಪೌಂಡುಗಳಲ್ಲಿದೆ. ಒಬ್ಬ ಮುದುಕಿಗೆ ಆರು ಅಡಿ ಕೊಡದ ಆ ನೆಲವನ್ನು ಇಟ್ಟುಕೊಂಡು ನಾವು ಯಾರ ಮುಂದೆ ನ್ಯಾಯ ಕೇಳುವುದು? ತಿರುಚಿರಾಪಳ್ಳಿಯ ಒಂದು ಕ್ಯಾಥೋಲಿಕ್ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಉಳಿದವರಿಂದ ಬೇರ್ಪಡಿಸಿದ ಗೋಡೆಯ ಬಗ್ಗೆ ಓದಿದ್ದೆ. ಅಸ್ಪೃಶ್ಯತೆಯ ಆಚರಣೆ ಮಹಾಪಾಪವೆಂದು ಭಾರತದ ಕ್ಯಾಥೋಲಿಕ್ ಬಿಷಪ್ಪರು 2016ರಲ್ಲಿ ನೀತಿಯನ್ನೇ ಪ್ರಕಟಿಸಿದರು. ಇಟ್ಟಿಗೆಯ ಗೋಡೆಯನ್ನು ಕೆಡವಬಹುದು. ಪುಸ್ತಕದೊಳಗಿನ ಗೋಡೆಯನ್ನು ಕೆಡವಲು ಪ್ರತಿ ಸಮಿತಿಯಲ್ಲೂ ಒಬ್ಬರು ಎದ್ದು ನಿಲ್ಲಬೇಕು.

ಮಧ್ಯಾಹ್ನ ಮೆಥಡಿಸ್ಟ್ ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಪಟ್ಟಣದ ಆ ಸಭೆಯ ಹಿರಿಯರೊಬ್ಬರೂ ಬಂದಿದ್ದರು. ಬಂದದ್ದು ದೊಡ್ಡದು. ಅವರು ಮೊದಲು ನಿಯಮದ ಮಾತನ್ನೇ ಆಡಿದರು: ಸ್ಮಶಾನ ತುಂಬುತ್ತಾ ಬಂದಿದೆ, ನಾಳೆ ಎಲ್ಲ ಮಂದಿರದವರೂ ಬಂದರೆ ನಮ್ಮ ಸದಸ್ಯರಿಗೆ ಎಲ್ಲಿ ಜಾಗ? ಅದು ಸುಳ್ಳು ಮಾತಲ್ಲ. ಆಗ ಪೆಂಟೆಕೋಸ್ಟ್ ಪಾಸ್ಟರ್ ಎದ್ದು ನಿಂತರು. ತಾವು ಹದಿನೈದು ವರ್ಷ ಬೇರೆ ಸಭೆಗಳನ್ನು ಸತ್ತ ಸಭೆಗಳೆಂದು ಬೋಧಿಸಿದ್ದನ್ನು ಒಪ್ಪಿಕೊಂಡು, ಆ ಹಿರಿಯರ ಮುಂದೆ ಕೈಮುಗಿದು ಕ್ಷಮೆ ಕೇಳಿದರು. ಯಾರೂ ಇದನ್ನು ಕೇಳಿಕೊಂಡಿರಲಿಲ್ಲ. ಹಿರಿಯರು ತಡಮಾಡಿ, "ಸಮಿತಿಯಲ್ಲಿ ಇಡುತ್ತೇನೆ, ಪಾಸ್ಟರ್. ನನ್ನ ಮಟ್ಟಿಗೆ ನಾನು ಒಪ್ಪಿದ್ದೇನೆ" ಎಂದರು.

ಆಮೇಲೆ ಕೆಲಸದ ಮಾತು. ಊರಿನ ಸರ್ಕಾರಿ ಗಾಯರಾಣದಲ್ಲಿ (ಗೋಮಾಳದಲ್ಲಿ) ಒಂದು ಎಕರೆ ಸ್ಮಶಾನಕ್ಕೆ ಕೇಳಬೇಕು, ಮೂರೂ ಸಭೆಗಳು ಒಂದೇ ಅರ್ಜಿ ಕೊಡಬೇಕು, ಪಹಣಿ ಮತ್ತು ಗ್ರಾಮ ನಕಾಶೆಯ ಪ್ರತಿ ತೆಗೆಸಬೇಕು. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಸರ್ಕಾರಿ ನೆಲವನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ದಾರಿಯಿದೆ ಎಂದು ಸಿಸ್ಟರ್ ಬಿಡಿಸಿ ಹೇಳಿದರು. ರಾತ್ರಿಯವರೆಗೆ ಸಹಿ, ಹೆಬ್ಬೆಟ್ಟು ನಡೆಯಿತು.

ಬುಧವಾರ, ಜನವರಿ 22: ತಾಲ್ಲೂಕು ಕಚೇರಿ, ರಾಯಚೂರು

ಗುಮಾಸ್ತರು ಅರ್ಜಿಯನ್ನು ಗಮನವಿಟ್ಟು ಓದಿ, "ಇದು ಎಸ್‌ಸಿ ಸ್ಮಶಾನವೋ, ಕ್ರಿಶ್ಚಿಯನ್ ಸ್ಮಶಾನವೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ತೊಡಕಿನ ಮೂಲ 1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶದಲ್ಲಿದೆ. ಅದರ ಮೂರನೇ ಪ್ಯಾರಾದ ಪ್ರಕಾರ ಹಿಂದೂ ಧರ್ಮದವರಲ್ಲದೆ ಬೇರೆ ಯಾರೂ ಪರಿಶಿಷ್ಟ ಜಾತಿಯವರಾಗಲು ಬರುವುದಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ದಲಿತ ಕ್ರೈಸ್ತರೂ ದಲಿತ ಮುಸ್ಲಿಮರೂ ಹೊರಗೇ ಉಳಿದರು. ಕ್ರೈಸ್ತನೆಂದು ದಾಖಲಾದವನಿಗೆ ಮೀಸಲಾತಿಯ ಜೊತೆಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಕೈತಪ್ಪುತ್ತದೆ. ಬೈಯುವವನು ಮಾತ್ರ ಅದೇ ಹಳೆಯ ಹೆಸರು ಹಿಡಿದು ಬೈಯುತ್ತಾನೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾವನ್ನು ತೆಗೆಯಲು ಶಿಫಾರಸು ಮಾಡಿತು. 2022ರಲ್ಲಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ನಾವು ಕಚೇರಿಯಲ್ಲಿ ನಿಂತ ದಿನದವರೆಗೂ ಅದರ ವರದಿ ಬಂದಿರಲಿಲ್ಲ. ಆಗಸ್ಟ್ 10ನ್ನು ಸಭೆಗಳು ಕರಾಳ ದಿನವೆಂದು ಆಚರಿಸುತ್ತವೆ. ಇದರಲ್ಲಿ ಕ್ಯಾಥೋಲಿಕರೂ ಪ್ರೊಟೆಸ್ಟೆಂಟರೂ ಒಟ್ಟಿಗಿದ್ದಾರೆ. ಸಿದ್ಧಾಂತದ ಮೇಜಿಗಿಂತ ಮೊದಲು ಬೀದಿಯಲ್ಲಿ ಸಿಕ್ಕ ಐಕ್ಯತೆ ಅದು.

ಹಳ್ಳಿಯ ಮಟ್ಟದಲ್ಲಿ ಇದರ ಫಲ ಹೀಗಿದೆ. ಕ್ರೈಸ್ತ ಸ್ಮಶಾನವೆಂದು ಕೇಳಿದರೆ, ಕಾಗದದಲ್ಲಿ ಎಲ್ಲರೂ ಹಿಂದೂ ಎಸ್‌ಸಿ, ಊರಿನಲ್ಲಿ ಒಬ್ಬ ಕ್ರೈಸ್ತನೂ ಇಲ್ಲ. ಎಸ್‌ಸಿ ಸ್ಮಶಾನವೆಂದು ಕೇಳಿದರೆ, ಚರ್ಚಿಗೆ ಹೋಗುವವರು ಎಸ್‌ಸಿ ಹೇಗಾಗುತ್ತಾರೆ ಎಂದು ನಾಳೆ ಯಾರೋ ತಕರಾರು ಎತ್ತುತ್ತಾರೆ, ಮಕ್ಕಳ ಜಾತಿ ಪ್ರಮಾಣಪತ್ರಕ್ಕೂ ಸಂಚಕಾರ ಬರುತ್ತದೆ. ನಾವು ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಬಹಳ ಹೊತ್ತು ಯಾರಿಗೂ ದಾರಿ ಕಾಣಲಿಲ್ಲ.

ಆಗ ಮಾತಾಡಿದವರು ದಸಂಸದ ಗೆಳೆಯರು. "ನೀವು ಮೂರು ಸಭೆಗಳು ಒಂದಾಗಿದ್ದೀರಿ, ಸಂತೋಷ. ಆದರೆ ಮಾರೆಮ್ಮನಿಗೆ ನಡೆದುಕೊಳ್ಳುವ ಅಣ್ಣನಿಗೂ ಜಾಗ ಇಲ್ಲವಲ್ಲ, ಸಿಸ್ಟರ್. ಅವನನ್ನು ಬಿಟ್ಟು ಯಾಕೆ ಕೇಳುತ್ತೀರಿ? ಇಡೀ ಊರಿಗೆ ಸಾರ್ವಜನಿಕ ಸ್ಮಶಾನ ಎಂದು ಬರೆಯಿರಿ. ಜಾತಿಯ ಕಾಲಂ ಇಲ್ಲ, ಧರ್ಮದ ಕಾಲಂ ಇಲ್ಲ. ಒತ್ತುವರಿ ತೆರವನ್ನೂ ಅದರಲ್ಲೇ ಸೇರಿಸಿ. ಕೇರಿಯ ಹಿರಿಯರ ಸಹಿ ನಾನು ತರುತ್ತೇನೆ."

ಸಭಾಪಾಲಕರು ಒಂದು ಕ್ಷಣವೂ ಯೋಚಿಸದೆ ಅರ್ಜಿಯ ತಲೆಬರಹ ಹೊಡೆದುಹಾಕಿದರು. ನನಗೆ ಈ ವಾರದ ದೊಡ್ಡ ಗಳಿಗೆ ಅದು. ಸಭೆಗಳ ಐಕ್ಯತೆ ಸಭೆಗಳಿಗಾಗಿ ಮಾತ್ರ ಇದ್ದರೆ ಅದು ಇನ್ನೊಂದು ದೊಡ್ಡ ಕಾಂಪೌಂಡು. ಹಿಂದಿನ ಮಳೆಗಾಲದಲ್ಲಿ ನಮ್ಮ ಮುದುಕಿಗೆ ಮಣ್ಣು ನಿರಾಕರಿಸಿದವರ ಪರವಾಗಿಯೂ ನಾವು ಕೇಳಲು ಹೊರಟ ಮೇಲೆ ಅರ್ಜಿಗೆ ಬಲ ಬಂತು. ಗುಮಾಸ್ತರು ಮುದ್ರೆ ಒತ್ತಿ ಸ್ವೀಕೃತಿ ಕೊಟ್ಟರು.

ರಾಯಚೂರಿಗೆ ಬಂದಾಗ ಸಂಜೆ. ಏಮ್ಸ್ ಆಸ್ಪತ್ರೆಗಾಗಿ 2022ರ ಮೇ ತಿಂಗಳಿಂದ ಧರಣಿ ನಡೆಯುತ್ತಿದ್ದ ಊರು ಇದು. ಎಲ್ಲ ಜಾತಿ ಧರ್ಮದವರೂ ಸರದಿಯ ಮೇಲೆ ಕುಳಿತ ಹೋರಾಟವದು. ಪ್ರಾರ್ಥನೆಯಲ್ಲಿ ಅವರನ್ನೂ ನೆನೆದೆವು. ಬಸ್ತರಿನ ಪ್ರಕರಣದಲ್ಲಿ ವಾದ ಮುಗಿದು ತೀರ್ಪು ಕಾಯ್ದಿರಿಸಿದ ಸುದ್ದಿ ಅಂದು ಬಂತು.

ಗುರುವಾರ, ಜನವರಿ 23: ಮುದಗಲ್

ಲಿಂಗಸುಗೂರು ದಾಟಿ ಮುದಗಲ್ ಕೋಟೆ. ಬಹಮನಿಗಳು, ವಿಜಯನಗರ, ಆದಿಲಶಾಹಿಗಳು ಎಲ್ಲರೂ ರಕ್ತ ಸುರಿಸಿದ, ಕೃಷ್ಣೆ ತುಂಗಭದ್ರೆಗಳ ನಡುವಿನ ದೋಆಬಿನ ಕೋಟೆ ಇದು. ಜೆಸ್ಯೂಟ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿದರೆನ್ನುವ ಕ್ಯಾಥೋಲಿಕ್ ಚರ್ಚಿನ ನೆಲೆ ಈ ಊರಲ್ಲಿದೆ. ತಾಳಿಕೋಟೆಯ ಯುದ್ಧಕ್ಕೂ ಮುಂಚಿನ ಮಾತು. ಕ್ರೈಸ್ತರು ನಿನ್ನೆ ಮೊನ್ನೆ ಬಂದವರು ಎನ್ನುವವರು ಒಮ್ಮೆ ಇಲ್ಲಿಗೆ ಬರಬೇಕು. ಈ ಊರಿನ ಮೊಹರಂ ಇನ್ನೂ ಹೆಸರುವಾಸಿ. ಹುಸೇನಿ ಆಲಂ ದೇವರ ಮುಂದೆ ಹಿಂದೂಗಳೂ ಮುಸ್ಲಿಮರೂ ಹರಕೆ ತೀರಿಸುತ್ತಾರೆ. ಚರ್ಚಿನ ಹಿರಿಯರೊಬ್ಬರನ್ನು ಸ್ಮಶಾನದ ಬಗ್ಗೆ ವಿಚಾರಿಸಿದೆವು. ಇಲ್ಲಿ ಆ ತೊಂದರೆಯಿಲ್ಲ, ಹಳೆಯ ಜಾಗವಿದೆ ಎಂದರು. ಹಳೆಯ ಊರುಗಳಿಗೆ ಹಳೆಯ ಜಾಗ ಸಿಕ್ಕಿದೆ. ಹೊಸದಾಗಿ ನಂಬಿದ ಬಡವರಿಗೆ ಸಿಕ್ಕಿಲ್ಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಶುಕ್ರವಾರ, ಜನವರಿ 24: ಕುಷ್ಟಗಿ, ಕೊಪ್ಪಳ

ಕುಷ್ಟಗಿ ತಾಲ್ಲೂಕಿನ ಮೂಲಕ ಹೋಗುವಾಗ ಮಿಯಾಪುರದ ನೆನಪಾಯಿತು. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿದ್ದಕ್ಕೆ ಶುದ್ಧೀಕರಣದ ಹೆಸರಿನಲ್ಲಿ 25,000 ರೂಪಾಯಿ ದಂಡ ಹೇಳಲಾಗಿತ್ತು. ಆಮೇಲೆ ಪೊಲೀಸರು ಐವರನ್ನು ಬಂಧಿಸಿದರು. ಸಿಸ್ಟರ್ ಹೇಳಿದ ಮಾತು ನನ್ನಲ್ಲಿ ಉಳಿದಿದೆ: "ಆ ಮಗು ಇಂದು ನಮ್ಮ ಪಟ್ಟಣದ ಚರ್ಚೊಂದರೊಳಗೆ ಓಡಿಬಂದರೆ ದಂಡ ಹಾಕುವುದಿಲ್ಲ. ಆದರೆ ದೊಡ್ಡದಾಗಿ ಹೆಣ್ಣು ಕೇಳಲು ಬಂದರೆ ಏನು ಮಾಡುತ್ತೇವೆ?"

ಕೊಪ್ಪಳದಲ್ಲಿ ಗವಿಮಠದ ತೇರು ಮುಗಿದಿದ್ದರೂ ಮಹಾದಾಸೋಹ ನಡೆದೇ ಇತ್ತು. ಹಳ್ಳಿಹಳ್ಳಿಗಳಿಂದ ಚಕ್ಕಡಿಯಲ್ಲೂ ಟ್ರ್ಯಾಕ್ಟರಿನಲ್ಲೂ ಬಂದ ಲಕ್ಷಾಂತರ ರೊಟ್ಟಿಗಳು ಒಟ್ಟಲಾಗಿದ್ದವು. ಯಾರ ಮನೆಯ ರೊಟ್ಟಿ ಯಾರ ತಟ್ಟೆಗೆ ಬಂತೆಂದು ಅಲ್ಲಿ ಕೇಳುವವರಿಲ್ಲ. ನಮ್ಮ ಜೀಪಿನವರೆಲ್ಲ ಒಂದೇ ಸಾಲಿನಲ್ಲಿ ಕುಳಿತು ಉಂಡೆವು. ಭಾನುವಾರ ಬೆಳಿಗ್ಗೆ ಬೇರೆ ಬೇರೆ ಮೇಜಿಗೆ ಹೋದವರು ಮಠದ ಪಂಕ್ತಿಯಲ್ಲಿ ಒಟ್ಟಿಗೆ ಕುಳಿತಿದ್ದೇವೆ ಎಂಬುದು ನನ್ನನ್ನು ತಟ್ಟಿತು. ಪಾಸ್ಟರ್ ಎರಡನೇ ಸಲ ರೊಟ್ಟಿ ಹಾಕಿಸಿಕೊಂಡರು.

ಶನಿವಾರ, ಜನವರಿ 25: ಗಂಗಾವತಿ

ವಾರದ ಕೊನೆಯ ಪ್ರಾರ್ಥನೆಗೆ ಗಂಗಾವತಿಯನ್ನು ಆರಿಸಿದ್ದಕ್ಕೆ ಕಾರಣವಿತ್ತು. ಮರಕುಂಬಿ ಇದೇ ತಾಲ್ಲೂಕಿನ ಊರು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ನಿರಾಕರಿಸಿದ್ದನ್ನು ಪ್ರಶ್ನಿಸಿದ ದಲಿತರ ಗುಡಿಸಲುಗಳಿಗೆ 2014ರ ಆಗಸ್ಟಿನಲ್ಲಿ ಬೆಂಕಿ ಬಿತ್ತು. ಹತ್ತು ವರ್ಷ ಸಾಕ್ಷಿ ಹೇಳುತ್ತಾ ಅಲೆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಮೇಲ್ಮನವಿ ಹೈಕೋರ್ಟಿಗೆ ಹೋಗಿ ಬಹುತೇಕರಿಗೆ ಜಾಮೀನು ಸಿಕ್ಕಿತು.

ಪ್ರಾರ್ಥನೆಗೆ ಬಂದಿದ್ದ ಯುವಕನೊಬ್ಬ ಅಲ್ಲಿದ್ದ ಫಾದರ್ ಒಬ್ಬರನ್ನು ಕೇಳಿದ: "ಆ ಹತ್ತು ವರ್ಷ ಕೋರ್ಟಿನ ಮೆಟ್ಟಿಲಲ್ಲಿ ಅವರ ಜೊತೆ ಯಾವ ಚರ್ಚು ನಿಂತಿತ್ತು, ಫಾದರ್?" ಫಾದರ್ ಉತ್ತರ ಹುಡುಕಲಿಲ್ಲ. ಅಲ್ಲಿ ನಿಂತವರು ದಲಿತ ಸಂಘಟನೆಗಳು, ಎಡಪಕ್ಷದ ಕಾರ್ಯಕರ್ತರು, ಕೆಲವು ವಕೀಲರು ಎಂದು ಒಪ್ಪಿಕೊಂಡರು. ಆ ಪ್ರಾಮಾಣಿಕತೆಯಿಂದ ಮುಂದಿನ ಮಾತು ಸುಲಭವಾಯಿತು. ಮೂರು ಜಿಲ್ಲೆಗಳಲ್ಲಿ ದೌರ್ಜನ್ಯದ ಪ್ರಕರಣಗಳಲ್ಲಿ ಸಾಕ್ಷಿದಾರರ ಬಸ್ಸಿನ ಖರ್ಚು, ಕಳೆದ ದಿನದ ಕೂಲಿ ತುಂಬಿಕೊಡಲು ಸಭೆಗಳ ಕಾಣಿಕೆಯಿಂದ ಒಂದು ನಿಧಿ ಶುರು ಮಾಡೋಣ ಎಂದು ಸಿಸ್ಟರ್ ಸೂಚಿಸಿದರು. ಉದ್ಯೋಗ ಖಾತ್ರಿಯಲ್ಲಿ ಆಗ ದಿನಕ್ಕೆ 349 ರೂಪಾಯಿ. ಒಂದು ವಾಯಿದೆಗೆ ಹೋದರೆ ಅಷ್ಟು ಹೋಯಿತು, ಅಂಥ ಎಷ್ಟೋ ವಾಯಿದೆಗಳು. ಸಾಕ್ಷಿಗಳು ದಣಿದು ಕೂರುವುದು ಹೆದರಿಕೆಯಿಂದ ಮಾತ್ರ ಅಲ್ಲ, ಹಸಿವಿನಿಂದಲೂ ಹೌದು. ಅಂದಿನ ಕಾಣಿಕೆ ಪೂರ್ತಿ ಆ ನಿಧಿಗೆ ಹೋಯಿತು.

ಕೊನೆಗೆ ಎಲ್ಲರೂ ಎದ್ದು ನಿಂತು ನಿಕಾಯದ ವಿಶ್ವಾಸ ಪ್ರಮಾಣವನ್ನು ಒಟ್ಟಾಗಿ ಹೇಳಿದೆವು. ಅದನ್ನು ತಮ್ಮ ಮಂದಿರದಲ್ಲಿ ಎಂದೂ ಹೇಳದ ಪಾಸ್ಟರ್ ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿಕೊಂಡು ಕೊನೆಯ ಸಾಲಿನವರೆಗೂ ಹೇಳಿದರು. ಸತ್ತವರ ಪುನರುತ್ಥಾನವನ್ನು ಎದುರುನೋಡುತ್ತೇವೆ ಎಂಬುದು ಆ ಸಾಲುಗಳಲ್ಲಿ ಒಂದು.

ಸೋಮವಾರ, ಜನವರಿ 27: ಧಾರವಾಡ

ಮನೆಗೆ ಬಂದ ಮೇಲೆ ಸುಪ್ರೀಂ ಕೋರ್ಟಿನ ತೀರ್ಪು ಓದಿದೆ. ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಗಿತ್ತು. ಸ್ವಂತ ಹೊಲದಲ್ಲಿ ಹೂಳಲು ಬಿಡಬೇಕು ಎಂದು ನಾಗರತ್ನ ಅವರು, ಗೊತ್ತುಪಡಿಸಿದ ಕ್ರೈಸ್ತ ಸ್ಮಶಾನಕ್ಕೇ ಒಯ್ಯಬೇಕು ಎಂದು ಸತೀಶ ಚಂದ್ರ ಶರ್ಮಾ ಅವರು. ದೇಹ ಮೂರು ವಾರದಿಂದ ಶವಾಗಾರದಲ್ಲಿರುವುದರಿಂದ ಪ್ರಕರಣವನ್ನು ದೊಡ್ಡ ಪೀಠಕ್ಕೆ ಕಳಿಸದೆ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕರ್ಕಾಪಾಲದ ಸ್ಮಶಾನದಲ್ಲಿ ಪೊಲೀಸ್ ರಕ್ಷಣೆಯೊಂದಿಗೆ ಹೂಳಲು ಆದೇಶವಾಯಿತು. ಸತ್ತವರು ಕೊನೆಗೂ ಮಣ್ಣು ಸೇರಿದರು, ತಮ್ಮ ಊರಿನ ಮಣ್ಣಲ್ಲ.

ಸಂಜೆ ಸಿಸ್ಟರ್ ಫೋನು ಮಾಡಿದರು. ಪಟ್ಟಣದ ಆ ಸಭೆಯ ಸಮಿತಿ ಅರ್ಧ ಒಪ್ಪಿದೆ: ಮಳೆಗಾಲದಲ್ಲಿ, ಬೇರೆ ಜಾಗ ಇಲ್ಲದಿದ್ದಾಗ, ಯಾವ ಸಭೆಯವರಿಗಾದರೂ ಪುಸ್ತಕ ನೋಡದೆ ಅವಕಾಶ ಕೊಡುವುದು. ಉಳಿದರ್ಧವನ್ನು ಈಸ್ಟರ್ ಆದ ಮೇಲೆ ಚರ್ಚಿಸುತ್ತಾರಂತೆ. ಕೇರಿಯ ಹಿರಿಯರು ಸಹಿ ಹಾಕಿದ್ದಾರೆ, ಇಬ್ಬರನ್ನು ಬಿಟ್ಟು. ಕಂದಾಯ ನಿರೀಕ್ಷಕರು ಜಾಗ ನೋಡಿ ಹೋಗಿದ್ದಾರೆ. ಅಳತೆಗೆ ಭೂಮಾಪಕರು ಫೆಬ್ರುವರಿಯಲ್ಲಿ ಬರುತ್ತಾರೆ, ಒತ್ತುವರಿ ಮಾಡಿದ ಗದ್ದೆಯವರಿಗೂ ನೋಟಿಸು ಹೋಗುತ್ತದೆ.

"ಅಳತೆಯ ದಿನ ಗದ್ದೆಯವರು ಜನ ಸೇರಿಸಬಹುದು, ಸರ್. ನಮ್ಮ ಕಡೆಯಿಂದ ಎಲ್ಲ ಸಭೆಯವರೂ, ಮಾರೆಮ್ಮನ ಕಟ್ಟೆಯವರೂ ಇರಬೇಕು. ಕೂಲಿ ಬಿಟ್ಟು ಬರುವವರಿಗೆ ನಿಧಿಯಿಂದ ಕೊಡೋಣ. ನೀವು ಧಾರವಾಡದಿಂದ ಎಷ್ಟು ಜನರನ್ನು ಕರೆತರುತ್ತೀರಿ?" ಎಂದು ಕೇಳಿದರು. ನಮ್ಮ ಸಭೆಯ ಮಹಿಳಾ ಅನ್ಯೋನ್ಯ ಕೂಟದವರನ್ನೂ ಯುವಜನರನ್ನೂ ಕೇಳಿ ಗುರುವಾರದೊಳಗೆ ಹೇಳುತ್ತೇನೆ ಎಂದೆ.